ವೈಫೈ ಗೆರೆ ಪೂರ್ತಿ ಇದೆ, ನೆಟ್ ಬರಲ್ಲ. ಯಾಕೆ?

ಗೋಣಿಕೊಪ್ಪ ಹತ್ತಿರದ ಹೋಂಸ್ಟೇಯಲ್ಲಿ ಕೆಲಸಕ್ಕೆ ಸೇರಿದ್ದೀರಿ. ಮಳೆ ಹಿಡಿದರೆ ವೈಫೈ ಗೆರೆ ಪೂರ್ತಿ ಇದ್ದರೂ ನೆಟ್ ಬರಲ್ಲ, ನೆಟ್‌ವರ್ಕ್ ಅಂದ್ರೇನು ಅಂತ ಮೊದಲಿಂದ ಹೇಳಿ ಅಂದಿದ್ದೀರಿ. ಮಡಿಕೇರಿ ಸುತ್ತಮುತ್ತ ತೋಟದ ಮನೆಗಳಿಗೆ ಲೈನ್ ಎಳೆಯುವುದೇ ನನ್ನ ಕೆಲಸ. ಗೊತ್ತಿರುವಷ್ಟು ಹೇಳುತ್ತೇನೆ.

ನೆಟ್‌ವರ್ಕ್ ಅಂದರೆ ಫೋನು, ಲ್ಯಾಪ್‌ಟಾಪು, ಕ್ಯಾಮೆರಾ ಇಂಥವು ಒಂದಕ್ಕೊಂದು ಮಾಹಿತಿ ಕಳಿಸಿಕೊಳ್ಳುವ ಜಾಲ. ವೈಫೈ ಬೇರೆ, ಇಂಟರ್ನೆಟ್ ಬೇರೆ. ಆ ಗೆರೆಗಳು ಹೇಳುವುದು ನಿಮ್ಮ ಫೋನಿಗೂ ರೂಟರಿಗೂ (ಮನೆಯೊಳಗೆ ವೈಫೈ ಹರಡುವ ಪೆಟ್ಟಿಗೆ) ನಡುವಿನ ಸಂಗತಿ ಮಾತ್ರ. ರೂಟರಿನಿಂದ ಆಚೆ ಏನಾಗಿದೆ ಅಂತ ಅವಕ್ಕೆ ಗೊತ್ತಿಲ್ಲ.

ಹೋದ ಜುಲೈಯಲ್ಲಿ ಒಂದು ಮನೆಗೆ ಕರೆದಿದ್ದರು. ರೂಟರ್ ಹಾಳಾಗಿದೆ, ಹೊಸದು ತನ್ನಿ ಅಂದರು. ನಾನು ಅವರ ಫೋನಲ್ಲೇ ಆ ಮನೆಯ ಸಿಸಿಟಿವಿ ಪೆಟ್ಟಿಗೆಯ ಒಳಗಿನ ನಂಬರ್ ವಿಳಾಸ ಹಾಕಿದೆ. ಕಾಫಿ ಕಣದ ಮೇಲೆ ಮಳೆ ಹೊಯ್ಯುವುದು ಸ್ಪಷ್ಟವಾಗಿ ಕಾಣಿಸಿತು. ಅಂದರೆ ಮನೆಯೊಳಗಿನ ನೆಟ್‌ವರ್ಕ್ ಸರಿಯಾಗಿಯೇ ಇದೆ, ಅಲ್ವಾ? ಆಮೇಲೆ ಫೈಬರ್ ಬಾಕ್ಸ್ (ಹೊರಗಿನ ಇಂಟರ್ನೆಟ್ ಲೈನ್ ಬಂದು ಸೇರುವ ಪೆಟ್ಟಿಗೆ) ನೋಡಿದರೆ ಕೆಂಪು ಲೈಟ್. ಫೈಬರ್ ಲೈನಿನಲ್ಲಿ ಮಾಹಿತಿ ಬೆಳಕಾಗಿ ಬರುತ್ತದೆ. ಹೊರಗಿಂದ ಬೆಳಕೇ ಬರುತ್ತಿಲ್ಲ. ಗೇಟಿನಿಂದ ಕೆಳಗೆ ಹೋದಾಗ ಸಿಲ್ವರ್ ಓಕ್ ಕೊಂಬೆಯೊಂದು ಕೇಬಲ್ ಸಮೇತ ರಸ್ತೆಗೆ ಬಿದ್ದಿತ್ತು.

ನೆಟ್‌ವರ್ಕ್ ಕಲಿಯುವುದು ಅಂದರೆ ಹೀಗೆ ಒಂದೊಂದೇ ಹೆಜ್ಜೆ ಹಾಕಿ, ಎಲ್ಲಿ ಕಡಿದಿದೆ ಅಂತ ಹುಡುಕುವುದು.

ಒಳಗಿನ ಪ್ರತಿ ಫೋನಿಗೂ ರೂಟರ್ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಗುರುತಿಸುವ ನಂಬರ್, ಕೊಡುತ್ತದೆ. ಸಾಮಾನ್ಯವಾಗಿ 192.168 ಅಂತ ಶುರುವಾಗುತ್ತದೆ. ಪಕ್ಕದ ತೋಟದ ಮನೆಯಲ್ಲೂ ಅದೇ ನಂಬರ್ ಇರಬಹುದು, ತೊಂದರೆಯಿಲ್ಲ. ಅದು ಮನೆಯೊಳಗೆ ಮಾತ್ರ ನಡೆಯುವ ವಿಳಾಸ. ಹೊರಗೆ ಕಳಿಸುವಾಗ ರೂಟರ್ ಬೇರೆ ವಿಳಾಸ ಹಚ್ಚುತ್ತದೆ, ಉತ್ತರ ಬಂದಾಗ ಯಾರು ಕೇಳಿದ್ದು ಅಂತ ನೋಡಿ ಅವರಿಗೇ ತಲುಪಿಸುತ್ತದೆ. ಲ್ಯಾಪ್‌ಟಾಪಿನಲ್ಲಿ 169.254 ಅಂತ ಕಂಡರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ.

ಇನ್ನೊಂದು ಡಿಎನ್‌ಎಸ್. ನಾವು ಸೈಟಿನ ಹೆಸರು ಟೈಪ್ ಮಾಡುತ್ತೇವೆ, ಅದನ್ನು ನಂಬರಾಗಿ ಹುಡುಕಿಕೊಡುವುದು ಇದರ ಕೆಲಸ. 8.8.8.8ಕ್ಕೆ (ಇದು ಗೂಗಲ್‌ನ ಒಂದು ಸರ್ವರ್ ವಿಳಾಸ) ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದಾ ಅಂತ ಕೂಗಿ ನೋಡಿ. ಉತ್ತರ ಬಂದೂ ಯಾವ ಸೈಟೂ ತೆರೆಯದಿದ್ದರೆ ಮೊದಲು ಡಿಎನ್‌ಎಸ್ ನೋಡಿ.

ನೆಟ್ ಇದ್ದೂ ನಿಧಾನವಾದರೆ? 3 ಎಂಬಿಯ ಫೋಟೋ ಒಂದೇ ಗಂಟಾಗಿ ಹೋಗುವುದಿಲ್ಲ. ಸುಮಾರು 1500 ಬೈಟಿನ ಪ್ಯಾಕೆಟ್‌ಗಳಾಗಿ, ಎರಡು ಸಾವಿರಕ್ಕೂ ಜಾಸ್ತಿ ತುಂಡಾಗಿ ಹೋಗುತ್ತದೆ. ದಾರಿಯಲ್ಲಿ ಕಳೆದುಹೋದ ತುಂಡನ್ನು ಮತ್ತೆ ಕಳಿಸಬೇಕು. ಸಿಗ್ನಲ್ ಸೋತಷ್ಟೂ ಹೀಗೆ ಮತ್ತೆ ಕಳಿಸುವುದು ಜಾಸ್ತಿ.

ಒಂದು ಮಾತು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಮನೆಯಿಂದ ಕಾಟೇಜಿಗೆ ಕಾಫಿ ಗಿಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಅದರ ಮಿತಿ 100 ಮೀಟರ್. ಅದಕ್ಕಿಂತ ದೊಡ್ಡ ಭಯ ಸಿಡಿಲು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಹೊತ್ತಿನ ಸಿಡಿಲಿಗೆ ಎರಡೂ ತುದಿಯ ಪೆಟ್ಟಿಗೆ ಸುಟ್ಟಿದ್ದನ್ನು ಬಿಚ್ಚಿ ನೋಡಿದ್ದೇನೆ, ಪೋರ್ಟಿನ ಪಿನ್ನುಗಳೆಲ್ಲ ಕರ್ರಗಾಗಿದ್ದವು. ಫೈಬರ್ ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಬಲನ್ನೇ ಕೇಳಿ ಹಾಕಿಸಿ.