ಎರಿ ಹೊಲಕ್ಕೆ ಮಲೆನಾಡಿನ ಇಂಗುಗುಂಡಿ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. 4 ಎಕರೆ ಎರಿ (ಕಪ್ಪು ಮಣ್ಣಿನ) ಭೂಮಿ, ಹಿಂಗಾರಿ ಜೋಳವೇ ಆಧಾರ. ಹೋದ ವರ್ಷ ಲೆಕ್ಕದಲ್ಲಿ ಮಳೆ ಸರಾಸರಿಯಷ್ಟೇ ಆಗಿತ್ತು, ಆದರೂ ಜೋಳ ಹೊಡೆಯಲ್ಲೇ, ಅಂದರೆ ತೆನೆ ಹೊರಬರುವ ಮುಂಚೆಯೇ, ಒಣಗಿತು. ತೀರ್ಥಹಳ್ಳಿಯಲ್ಲಿ ಮಾಸ್ತರಾಗಿರುವ ನನ್ನ ತಮ್ಮ, ‘ಇಲ್ಲಿ ಗುಡ್ಡದಲ್ಲಿ ಇಂಗುಗುಂಡಿ ತೋಡಿದ ಮೇಲೆ ಬಾವಿ ಬತ್ತಿಲ್ಲ, ನೀನೂ ತೋಡಿಸು’ ಅಂತಾನೆ. ತೋಡಿಸಲೇ?

ಉತ್ತರ: ಬೇಡ. ತಮ್ಮನ ಮಾತು ಅಲ್ಲಿಯ ಮಟ್ಟಿಗೆ ಸರಿ. ಘಟ್ಟದ ಜಂಬಿಟ್ಟಿಗೆ ಮಣ್ಣು ಜರಡಿಯಿದ್ದಂತೆ, ಗುಂಡಿಗೆ ಬಿದ್ದ ನೀರು ಬೇಗ ಕೆಳಗಿಳಿದು ಬಾವಿ ಸೇರುತ್ತದೆ. ನಿಮ್ಮ ಎರಿ ಮಣ್ಣು ಹಾಗಲ್ಲ. ಒಣಗಿದಾಗ ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಗುಂಡಿಯಲ್ಲಿ ನೀರು ಸುಮ್ಮನೆ ನಿಂತಿರುತ್ತದೆ, ಅಂಚು ಕುಸಿಯುತ್ತದೆ, ಖರ್ಚು ದಂಡ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಿಮ್ಮಲ್ಲಿ ಸುಮಾರು 600. ಮುಂಗಾರು ಮೋಡ ತನ್ನ ಭಾರವನ್ನೆಲ್ಲ ಘಟ್ಟದಲ್ಲೇ ಇಳಿಸಿ ಬರುತ್ತದೆ. ಆದರೆ ನಿಮ್ಮ ಬೆಳೆ ಕೆಟ್ಟದ್ದು ಮಳೆ ಕಡಿಮೆಯಾಗಿದ್ದಕ್ಕಲ್ಲ. ಸೆಪ್ಟೆಂಬರಿನ ಎರಡು ಮೂರು ದೊಡ್ಡ ಮಳೆಯೇ ಸರಾಸರಿ ತುಂಬಿಸಿಬಿಡಬಹುದು, ಹೊಲದ ಪಾಲಿಗೆ ಅದು ಹಳ್ಳಕ್ಕೆ ಹೋದ ನೀರು. ಜೋಳ ಬೆಳೆಯುವುದು ಮಣ್ಣಿನೊಳಗೆ ಉಳಿದ ಹಸಿಯ ಮೇಲೆ. ಹಾಗಾಗಿ ನೀವು ಕಾಯಬೇಕಾದ್ದು ಆ ಹಸಿಯನ್ನು.

ನಿಮ್ಮ ಭಾಗಕ್ಕೆ ನಾನು ಮೊದಲು ಹೇಳುವುದು ಚೌಕು ಮಡಿ. ಜೂನ್–ಜುಲೈನಲ್ಲಿ ಹೊಲ ಹರಗಿದ ಮೇಲೆ 10ರಿಂದ 15 ಅಡಿ ಚೌಕದ ಮಡಿ ಕಟ್ಟಿ. ಬದು ಒಂದು ಗೇಣು ಎತ್ತರವಿದ್ದರೆ ಸಾಕು. ಇಳಿಜಾರು ಹೆಚ್ಚಿದ್ದಲ್ಲಿ ಮಡಿ ಚಿಕ್ಕದಾಗಲಿ. ಬಿದ್ದ ಮಳೆ ಬಿದ್ದಲ್ಲೇ ನಿಂತು, ನಿಧಾನಕ್ಕೆ ಒಳಗಿಳಿಯುತ್ತದೆ. ಬಿತ್ತನೆ ಹೊತ್ತಿಗೆ ಕುಂಟೆ ಹೊಡೆದು ಮಡಿ ಅಳಿಸಿ ಬಿತ್ತಿ. ಹರಿದು ಹೋಗುತ್ತಿದ್ದ 50 ಮಿ.ಮೀ. ಮಳೆಯನ್ನು ಹೀಗೆ ತಡೆದರೂ ಎಕರೆಗೆ 2 ಲಕ್ಷ ಲೀಟರ್ ಆಯಿತು, ಅಂದರೆ 5,000 ಲೀಟರಿನ 40 ಟ್ಯಾಂಕರ್! ಆದರೆ ಎರಿಯಲ್ಲಿ ಕೋಡಿ ಇಲ್ಲದೆ ದೊಡ್ಡ ಒಡ್ಡು ಹಾಕಿ ನೀರು ನಿಲ್ಲಿಸಲು ಹೋಗಬೇಡಿ. ಒಡ್ಡೇ ಬಿರಿದು ಒಡೆಯುತ್ತದೆ.

ಬಿತ್ತಿದ ಮೇಲೂ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದನ್ನು ಬಿಡಬೇಡಿ. ಕಸ ಇಲ್ಲದಿದ್ದರೂ ಹೊಡೆಯಿರಿ. ಬಿರುಕು ಮುಚ್ಚಿದಷ್ಟೂ ಹಸಿ ಉಳಿಯುತ್ತದೆ.

ಅನುಕೂಲವಿದ್ದರೆ ಹೊಲದ ತಗ್ಗಿನ ಮೂಲೆಯಲ್ಲಿ ಒಂದು ಕೃಷಿ ಹೊಂಡ ತೋಡಿಸಿ. 15 ಮೀಟರ್ ಚೌಕ, 3 ಮೀಟರ್ ಆಳ, ಬದಿ ಇಳಿಜಾರಾಗಿದ್ದರೆ ಸುಮಾರು 4.4 ಲಕ್ಷ ಲೀಟರ್ ಹಿಡಿಯುತ್ತದೆ. ನೀರು ಒಳಬರುವಲ್ಲಿ ಹೂಳು ತಡೆಯುವ ಸಣ್ಣ ಗುಂಡಿ ಇರಲಿ. ಬಿಸಿಲಿಗೆ ಆರಿ ಹೋಗುವುದನ್ನು ಕಳೆದರೆ ಒಂದೂವರೆ ಎಕರೆಗೆ ಒಂದು ನೀರು ಧಾರಾಳವಾಗಿ ಸಿಗುತ್ತದೆ. ಅದನ್ನು ಜೋಳ ಹೊಡೆಗೆ ಬಂದಾಗ ಕೊಡಿ. ನಾಲ್ಕೂ ಎಕರೆಗೆ ಹಂಚಲು ಹೋದರೆ ಎಲ್ಲಿಯೂ ಸಾಲದು.

ಇಷ್ಟಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹೊಲದ ನಾಲ್ಕೈದು ಕಡೆ ಅಗೆದು ನೋಡಿ. ಮೂರು ಅಡಿ ಎರಿ ಇದ್ದಲ್ಲಿ ಮೇಲಿನದೆಲ್ಲ ಅನ್ವಯಿಸುತ್ತದೆ. ಒಂದು ಅಡಿಗೇ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಕ್ಕರೆ ಅಲ್ಲಿ ಹಸಿ ಹಿಡಿದಿಡಲು ಜಾಗವೇ ಇಲ್ಲ. ಆ ತುಂಡಿನಲ್ಲಿ ಹಿಂಗಾರಿ ಜೋಳದ ಆಸೆ ಬಿಟ್ಟು ಮುಂಗಾರಿಗೇ ಸಜ್ಜೆ ಬಿತ್ತಿಕೊಳ್ಳಿ.