ಪದದ ಜೊತೆಗೆ ವಾಕ್ಯವನ್ನೂ ತನ್ನಿ

ಸ್ವಯಂಸೇವಕರು ಅಂತರ್ಜಾಲದಲ್ಲಿ ಕೂಡಿ ಬರೆಯುತ್ತಿರುವ ನಿಘಂಟುಗಳ ವಿಷಯವಾಗಿ ಓದುಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ವಿಷಯದ ಸುತ್ತ ಇರುವ ಈ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಎತ್ತಿಕೊಳ್ಳುವ ಬದಲು ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಭಾಷೆ ಕಲಿಸುತ್ತೇನೆ. ಅರ್ಥ ತಿಳಿಯದ ಪದ ಬಂದಾಗ ಮಕ್ಕಳು ವಿಕಿಪೀಡಿಯದ ಬಳಗಕ್ಕೆ ಸೇರಿದ ವಿಕ್ಷನರಿ ಎಂಬ ಅಂತರ್ಜಾಲ ನಿಘಂಟನ್ನು ತೆರೆಯುತ್ತಾರೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು ಎನ್ನುತ್ತಾರೆ. ಪಂಡಿತರ ಮೇಲ್ವಿಚಾರಣೆ ಇಲ್ಲದ ನಿಘಂಟನ್ನು ನಂಬಿ ಎಂದು ಅವರಿಗೆ ಹೇಗೆ ಹೇಳಲಿ?

ಉತ್ತರ: ಇಡೀ ನಿಘಂಟನ್ನು ಒಟ್ಟಾಗಿ ನಂಬುವ ಅಥವಾ ತಳ್ಳಿಹಾಕುವ ಅಗತ್ಯವಿಲ್ಲ, ಪ್ರತಿಯೊಂದು ನಮೂದನ್ನೂ ಅದರ ಆಧಾರದ ಮೇಲೆ ತೂಗಿ ನೋಡುವುದನ್ನು ಮಕ್ಕಳಿಗೆ ಕಲಿಸಿ. ಪಂಡಿತರು ಸಿದ್ಧಪಡಿಸಿದ ನಿಘಂಟಿನಲ್ಲಿಯೂ ಪದಕ್ಕೆ ಪ್ರಾಮಾಣ್ಯ ಬರುವುದು ಅದನ್ನು ಬರೆದವರ ಹೆಸರಿನಿಂದಲ್ಲ, ಆ ಪದವನ್ನು ಯಾರೋ ಎಲ್ಲಿಯೋ ಆ ಅರ್ಥದಲ್ಲಿ ಬಳಸಿದ್ದಾರೆಂದು ತೋರಿಸುವ ಪ್ರಯೋಗವಾಕ್ಯದಿಂದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಬೆಳೆದದ್ದೂ ಇದೇ ತತ್ತ್ವದ ಮೇಲೆ. ಅದರ ಸಂಪಾದಕರಾಗಿದ್ದ ಜೇಮ್ಸ್ ಮರೆ ಅವರು 1879ರಲ್ಲಿ ಸಾಮಾನ್ಯ ಓದುಗರಿಗೆ ಮನವಿ ಮಾಡಿ, ಪುಸ್ತಕಗಳನ್ನು ಓದುವಾಗ ಎದುರಾಗುವ ಪದಗಳನ್ನು ಅವು ಬಂದ ವಾಕ್ಯಸಹಿತ ಚೀಟಿಗಳಲ್ಲಿ ಬರೆದು ಕಳುಹಿಸಿ ಎಂದು ಕೇಳಿಕೊಂಡರು. ಹಾಗೆ ಬಂದ ಚೀಟಿಗಳನ್ನು ತಮ್ಮ ಮನೆಯ ತೋಟದಲ್ಲಿ ಕಟ್ಟಿಸಿದ ತಗಡಿನ ಕೊಠಡಿಯೊಂದರಲ್ಲಿ ಅಕಾರಾದಿಯಾಗಿ ಜೋಡಿಸಿಕೊಂಡು ಅವರು ದುಡಿದರು. 1884ರಲ್ಲಿ ಮೊದಲ ಭಾಗ ಹೊರಬಂದು, 1928ರಲ್ಲಿ ಕೆಲಸ ಮುಗಿದಾಗ ಅದರಲ್ಲಿ 4 ಲಕ್ಷಕ್ಕೂ ಮಿಕ್ಕಿ ಪದಗಳೂ 18 ಲಕ್ಷಕ್ಕೂ ಮಿಕ್ಕಿ ಪ್ರಯೋಗವಾಕ್ಯಗಳೂ ಇದ್ದವು. ಅಷ್ಟು ವಾಕ್ಯಗಳು ಸಂಬಳವಿಲ್ಲದೆ ದುಡಿದ ಸಾವಿರಾರು ಜನರ ನೆರವಿಲ್ಲದೆ ಒಂದೆಡೆ ಸೇರುವಂತಿರಲಿಲ್ಲ.

ತಜ್ಞರ ಮೇಲ್ವಿಚಾರಣೆ ಇದ್ದರೂ ತಪ್ಪು ನುಸುಳುತ್ತದೆ ಎಂಬುದಕ್ಕೆ ವೆಬ್‌ಸ್ಟರ್ ನಿಘಂಟಿನ ಒಂದು ಪ್ರಸಂಗವನ್ನು ನಿಮ್ಮ ಮಕ್ಕಳಿಗೆ ಹೇಳಬಹುದು. ದೊಡ್ಡ ‘ಡಿ’ ಅಥವಾ ಸಣ್ಣ ‘ಡಿ’ ಅಕ್ಷರವು ಸಾಂದ್ರತೆಯನ್ನು ಸೂಚಿಸುವ ಸಂಕ್ಷೇಪ ಎಂದು ರಸಾಯನಶಾಸ್ತ್ರ ವಿಭಾಗದ ಸಂಪಾದಕರು 1931ರಲ್ಲಿ ಒಂದು ಚೀಟಿ ಬರೆದಿದ್ದರು. ‘ಡಿ ಆರ್ ಡಿ’ (D or d) ಎಂದು, ಅಂದರೆ ‘ಈ ಡಿ ಅಥವಾ ಆ ಡಿ’ ಎಂದು ಓದಬೇಕಾಗಿದ್ದ ಅದನ್ನು ಕಚೇರಿಯಲ್ಲಿ ಯಾರೋ ಒಂದೇ ಪದವಾಗಿ ಓದಿದರು. ಪರಿಣಾಮವಾಗಿ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ, ಭೂಮಿಯ ಮೇಲೆ ಯಾರೂ ಎಂದೂ ಆಡದ ಪದವೊಂದು ‘ಸಾಂದ್ರತೆ’ ಎಂಬ ಅರ್ಥದೊಂದಿಗೆ ಅಚ್ಚಾಯಿತು. 1939ರಲ್ಲಿ ಸಂಪಾದಕರೊಬ್ಬರು ಆ ಪದಕ್ಕೆ ವ್ಯುತ್ಪತ್ತಿಯೇ, ಅಂದರೆ ಪದದ ಮೂಲದ ವಿವರವೇ, ಇಲ್ಲದಿರುವುದನ್ನು ಗಮನಿಸಿ ಹುಡುಕಿದಾಗ ವಿಷಯ ಬಯಲಾಯಿತು. ಬಳಕೆಯ ಒಂದು ವಾಕ್ಯವನ್ನು ಮೊದಲೇ ಕೇಳಿದ್ದರೆ ಅದು ಒಳಗೆ ಬರುತ್ತಲೇ ಇರಲಿಲ್ಲ.

ವಿಕ್ಷನರಿಯಲ್ಲಿ ಪ್ರತಿ ಪುಟಕ್ಕೂ ಒಂದು ಇತಿಹಾಸವಿರುತ್ತದೆ. ಯಾವ ದಿನ ಏನು ಸೇರಿತು, ಏನು ಹೋಯಿತು, ತಿದ್ದಿದವರು ಯಾವ ಕಾರಣ ಕೊಟ್ಟರು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಮುದ್ರಿತ ನಿಘಂಟು ಈ ಸೌಲಭ್ಯವನ್ನು ಕೊಡಲಾರದು. ಆದರೆ ಎಲ್ಲ ಸಾಮೂಹಿಕ ನಿಘಂಟುಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. 1999ರಲ್ಲಿ ಆರಂಭವಾದ ಅರ್ಬನ್ ಡಿಕ್ಷನರಿಯಲ್ಲಿ ಓದುಗರ ಮೆಚ್ಚುಗೆಯ ಮತಗಳು ಯಾವ ವಿವರಣೆ ಮೇಲೆ ನಿಲ್ಲಬೇಕೆಂದು ತೀರ್ಮಾನಿಸುತ್ತವೆ. ಯುವಜನರ ಬೀದಿಮಾತನ್ನು ಅರಿಯಲು ಅದು ಉಪಯುಕ್ತವೇ. ಆದರೆ ಒಂದು ವಿವರಣೆ ಜನರಿಗೆ ಇಷ್ಟವಾಯಿತು ಎಂಬುದರಿಂದ ಅದು ಸರಿಯೆಂದು ಆಗುವುದಿಲ್ಲ. ತರಗತಿಯಲ್ಲಿ ಈ ಎರಡರ ವ್ಯತ್ಯಾಸವನ್ನು ಒಂದು ಗಂಟೆ ಚರ್ಚಿಸಿದರೂ ಸಾರ್ಥಕ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಸಮಯವಿದೆ. ಕನ್ನಡ ನಿಘಂಟಿಗೆ ಕೈಲಾದಷ್ಟು ದುಡಿಯಬೇಕೆಂಬ ಆಸೆ. ಭಾಷಾಶಾಸ್ತ್ರ ಓದಿದವನಲ್ಲ. ನನ್ನ ಬಳಿ ಇರುವ ಒಳ್ಳೆಯ ಅಚ್ಚಿನ ನಿಘಂಟನ್ನು ನೋಡಿಕೊಂಡು ದಿನಕ್ಕೆ ಇಪ್ಪತ್ತು ಪದ ಸೇರಿಸಿದರೆ ಆಗಬಹುದೇ?

ಉತ್ತರ: ಆಸೆ ದೊಡ್ಡದು, ಆದರೆ ಆ ದಾರಿ ಬೇಡ. ಪದಗಳು ಯಾರ ಸ್ವತ್ತೂ ಅಲ್ಲ. ಅವುಗಳ ಅರ್ಥವನ್ನು ಹೇಳಿದ ವಾಕ್ಯ ಮಾತ್ರ ಅದನ್ನು ಬರೆದವರದು. ವಿಕ್ಷನರಿಯಲ್ಲಿ ಬರೆದದ್ದೆಲ್ಲವೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹೊರಬರುತ್ತದೆ, ಅಂದರೆ ಮೂಲವನ್ನು ಹೆಸರಿಸಿ, ಅದೇ ಪರವಾನಗಿಯನ್ನು ಮುಂದುವರಿಸಿ, ಯಾರು ಬೇಕಾದರೂ ಅದನ್ನು ಬಳಸಬಹುದು. ಬೇರೆಯವರ ಹಕ್ಕಿನಲ್ಲಿರುವ ಬರಹವನ್ನು ಹಾಗೆ ದಾನ ಮಾಡುವ ಅಧಿಕಾರ ನಮಗಿಲ್ಲ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟಿನಂತೆ ಹಕ್ಕಿನ ಅವಧಿ ಮುಗಿದ ಕೃತಿಗಳಿಂದ ಧಾರಾಳವಾಗಿ ತೆಗೆದುಕೊಳ್ಳಬಹುದು. ಅದರಲ್ಲಿಯೂ ಎಲ್ಲಿಂದ ಬಂತೆಂದು ಬರೆಯುವುದು ಮರ್ಯಾದೆ.

ಇಪ್ಪತ್ತು ಪದಗಳ ಬದಲು ದಿನಕ್ಕೊಂದು ಪದ ಹಿಡಿಯಿರಿ. ಉದಾಹರಣೆಗೆ ‘ಕಟ್ಟು’ ಎಂಬ ಕ್ರಿಯಾಪದವನ್ನೇ ನೋಡೋಣ. ನಾನು ವರ್ಷಗಳ ಹಿಂದೆ ಈ ಪದಕ್ಕೆ ಅರ್ಥ ಬರೆಯಲು ಕುಳಿತಾಗ, ಬಿಗಿ, ನಿರ್ಮಿಸು ಎಂಬ ಎರಡು ಅರ್ಥಗಳಲ್ಲಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಬಳಿಕ ಕಿವಿಗೆ ಬಿದ್ದ ವಾಕ್ಯಗಳನ್ನು ಒಂದು ಹಾಳೆಯ ಮೇಲೆ ಬರೆಯುತ್ತಾ ಹೋದೆ: ಹಸುವನ್ನು ಕಟ್ಟಿದರು, ಮನೆ ಕಟ್ಟಿದರು, ಶುಲ್ಕ ಕಟ್ಟಿದರು, ಹಾಡು ಕಟ್ಟಿದರು, ಬೆಲೆ ಕಟ್ಟಿದರು, ಪಣ ಕಟ್ಟಿದರು. ಬಿಗಿಯುವುದಕ್ಕೂ ಶುಲ್ಕ ಪಾವತಿಸುವುದಕ್ಕೂ ಒಂದೇ ಅರ್ಥ ಸಾಲದು ಎಂಬುದು ವಾಕ್ಯಗಳನ್ನು ಒಂದರ ಕೆಳಗೊಂದು ಇಟ್ಟಾಗ ಮಾತ್ರ ಕಂಡಿತು. ನಿಘಂಟಿನ ಪುಟದಲ್ಲಿ ಆರು ಅರ್ಥ ಬರೆದು ತೃಪ್ತಿಯಿಂದ ಎದ್ದೆ. ಮರುದಿನ ನನಗೆ ಪರಿಚಯವೇ ಇಲ್ಲದವರೊಬ್ಬರು ಅದರ ಕೆಳಗೆ ‘ಗಂಟಲು ಕಟ್ಟಿತು’ ಎಂಬ ಒಂದು ವಾಕ್ಯ ಸೇರಿಸಿದ್ದರು. ಇಲ್ಲಿ ಕಟ್ಟಿದವರು ಯಾರೂ ಇಲ್ಲ, ಕ್ರಿಯಾಪದವೇ ಅಕರ್ಮಕವಾಗಿಬಿಟ್ಟಿದೆ. ಮೂಗು ಕಟ್ಟಿತು, ಮೋಡ ಕಟ್ಟಿತು, ಪಾಚಿ ಕಟ್ಟಿತು, ಎಲ್ಲವೂ ಆ ಸಾಲಿಗೆ ಸೇರಿದವು. ದಿನವೂ ಆಡುವ ಮಾತಾದರೂ ನನಗೆ ಹೊಳೆದಿರಲಿಲ್ಲ. ಆ ಅಪರಿಚಿತರಿಗೆ ನಾನು ಇಂದಿಗೂ ಋಣಿಯಾಗಿದ್ದೇನೆ. ಕೂಡಿ ಬರೆಯುವ ನಿಘಂಟಿನ ನಿಜವಾದ ಬಲ ಇಲ್ಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ: ಒಬ್ಬರ ಕಿವಿ ತಪ್ಪಿಸಿಕೊಂಡದ್ದನ್ನು ಇನ್ನೊಬ್ಬರ ಕಿವಿ ಹಿಡಿಯುತ್ತದೆ.

ಅರ್ಥ ಬರೆಯುವಾಗ ಒಂದು ಬಲೆಗೆ ಎಚ್ಚರವಹಿಸಿ. ಸೊಗಸು ಎಂದರೆ ಚೆಲುವು, ಚೆಲುವು ಎಂದರೆ ಅಂದ, ಅಂದ ಎಂದರೆ ಸೊಗಸು ಎಂದು ಬರೆದರೆ ಭಾಷೆ ಕಲಿಯಲು ಬಂದವರು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ಸಮಾನಾರ್ಥಕ ಪದಗಳಿಗೆ ಬೇರೆ ಜಾಗವಿದೆ. ಅರ್ಥದ ಜಾಗದಲ್ಲಿ ವಿವರಣೆಯೇ ಇರಲಿ.

ಹಾಗೆಯೇ, ಒಂದೇ ಕಾಗುಣಿತದ ಪದಗಳೆಲ್ಲ ಒಂದೇ ಪದವಲ್ಲ. ‘ಅರಿ’ ಎಂದು ಇಂದು ಬರೆಯುವಲ್ಲಿ ಮೂರು ಪದಗಳು ಅಡಗಿವೆ. ತಿಳಿ ಎಂಬರ್ಥದ ಪದಕ್ಕೆ ಹಳಗನ್ನಡದಲ್ಲಿ ‘ಅಱಿ’ ಎಂದು ಬೇರೆಯ ರಕಾರವೇ ಇತ್ತು. ಕತ್ತರಿಸು ಎಂಬ ‘ಅರಿ’ ಬೇರೆ. ಶತ್ರು ಎಂಬ ‘ಅರಿ’ ಸಂಸ್ಕೃತದಿಂದ ಬಂದದ್ದು. ಇವನ್ನು ಒಂದೇ ನಮೂದಿನ ಮೂರು ಅರ್ಥಗಳೆಂದು ಬರೆದರೆ ಪದಗಳ ಚರಿತ್ರೆ ಕಲಸಿಹೋಗುತ್ತದೆ. ಒಂದೇ ಪುಟದಲ್ಲಿ ಮೂರು ಬೇರೆ ವ್ಯುತ್ಪತ್ತಿಗಳಡಿ ಅವನ್ನು ಇಡುವುದು ಸರಿಯಾದ ಕ್ರಮ.

ಪ್ರಶ್ನೆ: ‘ಬಂದಳು’ ಎಂದು ಹುಡುಕಿದೆ, ಸಿಗಲಿಲ್ಲ. ‘ಸಂಬಂಧ’ ಎಂದು ಹುಡುಕಿದೆ, ಅದೂ ಸಿಗಲಿಲ್ಲ. ಇಷ್ಟು ಸಾಮಾನ್ಯ ಪದಗಳೇ ಇಲ್ಲವೇ?

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ ಇರಬಹುದು. ನಿಘಂಟುಗಳು ಸಾಮಾನ್ಯವಾಗಿ ಧಾತುವನ್ನು ತಲೆಪದವಾಗಿ ಇಡುತ್ತವೆ, ಆದ್ದರಿಂದ ‘ಬಂದಳು’ ಎಂಬುದನ್ನು ‘ಬರು’ ಎಂಬಲ್ಲಿ ನೋಡಬೇಕು. ಅಂತರ್ಜಾಲದಲ್ಲಿ ಜಾಗಕ್ಕೆ ಕೊರತೆ ಇಲ್ಲವಾದ್ದರಿಂದ ರೂಪಗಳಿಗೂ ಪುಟ್ಟ ಪುಟ ಮಾಡಿ ಧಾತುವಿನ ಕಡೆಗೆ ಕೈತೋರಿಸಬಹುದು. ಇದು ಎಷ್ಟು ಅಗತ್ಯ ಎಂಬುದಕ್ಕೆ ‘ತಂದೆ’ ಎಂಬ ಪದವೇ ಸಾಕ್ಷಿ: ಅಪ್ಪ ಎಂಬುದು ಒಂದು, ‘ನಾನು ತಂದೆ’ ಎಂಬಲ್ಲಿ ‘ತರು’ ಧಾತುವಿನ ಭೂತಕಾಲದ ರೂಪ ಇನ್ನೊಂದು. ಎರಡನ್ನೂ ತೋರಿಸದ ಪುಟ ಕಲಿಯುವವರನ್ನು ದಾರಿ ತಪ್ಪಿಸುತ್ತದೆ.

‘ಸಂಬಂಧ’ದ ವಿಷಯದಲ್ಲಿ ನನ್ನ ಅನುಮಾನ ಅನುಸ್ವಾರದ ಮೇಲೆ. ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಆದರೆ ಯಂತ್ರಕ್ಕೆ ಅವು ಎರಡು ಬೇರೆ ಅಕ್ಷರಗಳು. ನೀವಾಗಲಿ, ಪುಟ ಮಾಡಿದವರಾಗಲಿ ಅನುಸ್ವಾರದ ಜಾಗದಲ್ಲಿ ಅಂಕಿಯನ್ನು ಒತ್ತಿದ್ದರೆ ಎರಡು ಪದಗಳು ಎಂದೂ ಸಂಧಿಸುವುದಿಲ್ಲ. ‘ಸಾಫ್ಟ್‌ವೇರ್’ ಮುಂತಾದ ಪದಗಳಲ್ಲಿ ಒತ್ತಕ್ಷರ ಮೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದನ್ನು ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಅಲ್ಲಿಯೂ ಇದೇ ತೊಂದರೆ. ಒಂದು ರೂಪವನ್ನು ಮುಖ್ಯವಾಗಿಟ್ಟು ಮತ್ತೊಂದರಿಂದ ಅಲ್ಲಿಗೆ ದಾರಿ ಮಾಡಿಕೊಟ್ಟರೆ ಸಾಕು. ಮೊದಲು ಪದವನ್ನು ಹೊಸದಾಗಿ ಟೈಪ್ ಮಾಡಿ ಮತ್ತೊಮ್ಮೆ ಹುಡುಕಿ ನೋಡಿ.

ಪ್ರಶ್ನೆ: ಇಂಗ್ಲಿಷಿನ ಹಲವು ತಾಂತ್ರಿಕ ಪದಗಳಿಗೆ ನಾನು ಕನ್ನಡ ಪದಗಳನ್ನು ರೂಪಿಸಿದ್ದೇನೆ. ನಿಘಂಟಿಗೆ ಸೇರಿಸಿದರೆ ಜನ ಬಳಸಲು ತೊಡಗುತ್ತಾರಲ್ಲವೇ?

ಉತ್ತರ: ನಿಮ್ಮ ಶ್ರಮವನ್ನು ನಾನು ಗೌರವಿಸುತ್ತೇನೆ, ಆದರೆ ಕ್ರಮ ತಿರುಗುಮುರುಗಾಗಿದೆ. ಜನ ಬಳಸಿದ ಮೇಲೆ ಪದ ನಿಘಂಟಿಗೆ ಬರಬೇಕು. 2002ರ ಡಿಸೆಂಬರಿನಲ್ಲಿ ಆರಂಭವಾದ ಇಂಗ್ಲಿಷ್ ವಿಕ್ಷನರಿಯಲ್ಲಿ ಪದವೊಂದರ ಬಳಕೆಯ ಬಗ್ಗೆ ಸಂದೇಹ ಬಂದಾಗ, ಕನಿಷ್ಠ ಒಂದು ವರ್ಷದ ಅವಧಿಯಲ್ಲಿ ಹರಡಿದ, ಒಬ್ಬರಿಂದೊಬ್ಬರು ಎರವಲು ಪಡೆಯದ ಮೂರು ಪ್ರಯೋಗಗಳನ್ನು ಶಾಶ್ವತವಾಗಿ ಉಳಿಯುವ ದಾಖಲೆಗಳಿಂದ ತೋರಿಸಬೇಕೆಂಬ ನಿಯಮವಿದೆ. ಅಲ್ಲದೆ ಪದವನ್ನು ಬಳಸುವುದು ಬೇರೆ, ಪದದ ಬಗ್ಗೆ ಮಾತನಾಡುವುದು ಬೇರೆ. ‘ಇದಕ್ಕೆ ಹೀಗೆ ಹೇಳಬಹುದು’ ಎಂಬ ವಾಕ್ಯ ಪ್ರಯೋಗವಾಗುವುದಿಲ್ಲ. ನಿಮ್ಮ ಪದಗಳನ್ನು ಲೇಖನಗಳಲ್ಲಿ, ಪಾಠಗಳಲ್ಲಿ ಬಳಸಿ. ಇತರರು ಅವನ್ನು ಎತ್ತಿಕೊಂಡರೆ ನಿಮ್ಮ ಹೆಸರು ತಿಳಿಯದ ಯಾರೋ ಒಬ್ಬರು ಅವನ್ನು ನಿಘಂಟಿಗೆ ತರುತ್ತಾರೆ. ಅದಕ್ಕಿಂತ ದೊಡ್ಡ ಮನ್ನಣೆ ಪದ ರೂಪಿಸಿದವರಿಗೆ ಇನ್ನಾವುದಿದೆ?

ಪ್ರಶ್ನೆ: ಬೈಗುಳಗಳನ್ನೂ ನಿಘಂಟಿನಲ್ಲಿ ಇಡಬೇಕೇ?

ಉತ್ತರ: ಇಡಬೇಕು, ‘ನಿಂದನೆ’ ಎಂಬ ಗುರುತಿನೊಂದಿಗೆ. ಆ ಗುರುತಿಲ್ಲದಿದ್ದರೆ ಭಾಷೆ ಹೊಸದಾಗಿ ಕಲಿತವರು ಅರಿಯದೆ ಒಬ್ಬರ ಮನಸ್ಸು ನೋಯಿಸಿಯಾರು.

ಪ್ರಶ್ನೆ: ಕೆಲವು ಭಾಷೆಗಳ ವಿಕ್ಷನರಿಗಳಲ್ಲಿ ಲಕ್ಷಗಟ್ಟಲೆ ನಮೂದುಗಳಿವೆಯಂತೆ. ನಾವು ಹಿಂದೆ ಬಿದ್ದಿದ್ದೇವೆಯೇ?

ಉತ್ತರ: ಎಣಿಕೆಯನ್ನು ನೋಡಿ ಎದೆಗುಂದಬೇಡಿ. ಮಲಗಾಸಿ ವಿಕ್ಷನರಿ ನಮೂದುಗಳ ಸಂಖ್ಯೆಯಲ್ಲಿ ಜಗತ್ತಿನ ಅತಿ ದೊಡ್ಡವುಗಳ ಸಾಲಿನಲ್ಲಿದೆ. ಆದರೆ ಅದರ ಬಹುಪಾಲು ಪುಟಗಳನ್ನು ಬರೆದದ್ದು ಮನುಷ್ಯರಲ್ಲ, ಬಾಟ್ ಎಂದು ಕರೆಯುವ ತಂತ್ರಾಂಶ. ಬೇರೆ ಬಗೆಯ ಬೆಳವಣಿಗೆಯೂ ಇದೆ. ಜಿಮ್ ಬ್ರೀನ್ ಅವರು 1991ರಲ್ಲಿ ಆರಂಭಿಸಿದ ಜಪಾನಿ-ಇಂಗ್ಲಿಷ್ ಪದಕೋಶವು ಬಳಸುವವರ ತಿದ್ದುಪಡಿಗಳಿಂದ ಬೆಳೆಯುತ್ತಾ ಬಂದು, ಇಂದು ಜಪಾನಿ ಕಲಿಯುವವರ ಅನೇಕ ತಂತ್ರಾಂಶಗಳಿಗೆ ತಳಹದಿಯಾಗಿದೆ. ಪ್ರಯೋಗವಾಕ್ಯವಿರುವ ಸಾವಿರ ನಮೂದುಗಳನ್ನು ವಾಕ್ಯವಿಲ್ಲದ ಲಕ್ಷ ನಮೂದುಗಳಿಗಿಂತ ಮೇಲೆಂದು ನಾನು ಎಣಿಸುತ್ತೇನೆ.

ಪ್ರಶ್ನೆ: ನನ್ನ ಅಜ್ಜಿ ‘ಮುಸ್ಸಂಜೆ’ ಎನ್ನದೆ ‘ಮುಚ್ಚಂಜೆ’ ಎನ್ನುತ್ತಾರೆ. ಅವರ ಮಾತಿನಲ್ಲಿ ಇಂಥ ಪದಗಳು ಬಹಳ ಇವೆ. ಪುಸ್ತಕದಲ್ಲಿ ಹುಡುಕಲು ನನಗೆ ತಿಳಿಯದು. ಇವುಗಳಿಗೆ ಜಾಗವಿದೆಯೇ?

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಮಾತಿನಲ್ಲಿ ಮಾತ್ರ ಉಳಿದಿರುವ ಪದಗಳಿಗೆ ಸಾಮೂಹಿಕ ನಿಘಂಟಿಗಿಂತ ಒಳ್ಳೆಯ ಆಸರೆ ಇಲ್ಲ, ಏಕೆಂದರೆ ಸಂಪಾದಕರ ಮೇಜಿನವರೆಗೆ ಅವು ತಾವಾಗಿ ನಡೆದು ಹೋಗುವುದಿಲ್ಲ. ದಾಖಲೆಗಳು ಕಡಿಮೆ ಇರುವ ಭಾಷೆಗಳಿಗೆ ಮೂರು ಪ್ರಯೋಗಗಳ ನಿಯಮವನ್ನು ಇಂಗ್ಲಿಷ್ ವಿಕ್ಷನರಿಯೇ ಸಡಿಲಿಸಿ, ಒಂದೇ ಆಧಾರ ಸಾಕೆನ್ನುತ್ತದೆ.

ಅಜ್ಜಿಯನ್ನು ಕೂರಿಸಿಕೊಂಡು ಪದಗಳ ಪಟ್ಟಿ ಕೇಳಬೇಡಿ. ಹಾಗೆ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಅವರು ತಮ್ಮ ಪಾಡಿಗೆ ಮಾತನಾಡುವಾಗ ವಾಕ್ಯವನ್ನು ಇದ್ದ ಹಾಗೆಯೇ ಬರೆದುಕೊಳ್ಳಿ, ದಿನಾಂಕ ಹಾಕಿ. ಒಪ್ಪಿದರೆ ಅವರ ಧ್ವನಿಯಲ್ಲಿಯೇ ಪದವನ್ನು ಮುದ್ರಿಸಿಕೊಳ್ಳಿ. ಉಚ್ಚಾರಣೆಗಳನ್ನು ಸುಲಭವಾಗಿ ಮುದ್ರಿಸಿ ಹಂಚಲೆಂದೇ ಲಿಂಗ್ವಾ ಲಿಬ್ರೆ ಎಂಬ ಯೋಜನೆ ಇದೆ. ಅಲ್ಲಿ ಸೇರಿದ ಧ್ವನಿ ಎಲ್ಲರಿಗೂ ಮುಕ್ತವಾಗುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಒಂದು ಮಾತು ಉಳಿಯಿತು. ‘ಮುಚ್ಚಂಜೆ’ ಎಂದೊಡನೆ, ಬೆಳಕನ್ನು ಮುಚ್ಚುವ ಸಂಜೆಯಾದ್ದರಿಂದ ಆ ಹೆಸರು ಎಂದು ವ್ಯುತ್ಪತ್ತಿ ಬರೆಯುವ ಆಸೆ ಮೂಡಬಹುದು. ಕೇಳಲು ಇಂಪಾಗಿದೆ, ಆಧಾರ ಮಾತ್ರ ನಮ್ಮ ಕೈಯಲ್ಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು, ಮುಸ್ಸಂಜೆಯ ರೂಪಾಂತರ ಎಂದಷ್ಟೇ ಬರೆದು, ಕೆಳಗೆ ಅಜ್ಜಿಯ ವಾಕ್ಯವನ್ನು ಇಡಿ. ಹಳೆಯ ಕಾವ್ಯಗಳನ್ನು ಓದಿದವರು ಯಾರಾದರೂ ಆ ಪುಟಕ್ಕೆ ಬಂದಾಗ ಉಳಿದದ್ದನ್ನು ತುಂಬುತ್ತಾರೆ.