ಪ್ರತಿ: ಫೈಂಡ್‌ಆಲ್ ಖಾಲಿ ಪಟ್ಟಿ ಕೊಡುವುದೇಕೆ?

ನಮಸ್ಕಾರ. ಮಂಡ್ಯದ ಕಬ್ಬಿನ ವಿವರಗಳಿರುವ ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗುಗಳ ನಡುವೆ ಬರೆದಿಡುವ ವಿಧಾನ) ಕಡತದಲ್ಲಿ ‘ತೂಕ’ ಎಂಬ ಎಲಿಮೆಂಟ್ (ಟ್ಯಾಗಿನಿಂದ ಗುರುತಿಸಿದ ಘಟಕ) ಇದ್ದರೂ ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಓದುವ ಎಲಿಮೆಂಟ್‌ಟ್ರೀಯ ಹುಡುಕುವ ಆದೇಶವಾದ ಫೈಂಡ್‌ಆಲ್ ಖಾಲಿ ಪಟ್ಟಿಯನ್ನೇ ಕೊಡುತ್ತಿದೆ ಎಂದು ಕೇಳಿದ್ದೀರಿ. ಕಡತದ ಮೂಲ ಎಲಿಮೆಂಟಿನಲ್ಲಿ ಪ್ರಿಫಿಕ್ಸ್ (ಹೆಸರಿನ ಮುಂದೆ ಕೋಲನ್ ಜೊತೆ ಬರುವ ಗುರುತು) ಇಲ್ಲದ ಎಕ್ಸ್‌ಎಂಎಲ್‌ಎನ್‌ಎಸ್ ಘೋಷಣೆ ಇರುವುದರಿಂದ, ಅದರೊಳಗೆ ಪ್ರಿಫಿಕ್ಸ್ ಇಲ್ಲದೆ ಬರೆದ ಎಲಿಮೆಂಟುಗಳೆಲ್ಲ ಆ ಘೋಷಣೆ ಹೇಳುವ ನೇಮ್‌ಸ್ಪೇಸಿಗೆ (ಹೆಸರುಗಳ ಗುಂಪಿಗೆ) ಸೇರುತ್ತವೆ. ನಿಮ್ಮ ಕೋಡ್ ಹುಡುಕುತ್ತಿರುವುದು ಯಾವ ನೇಮ್‌ಸ್ಪೇಸಿಗೂ ಸೇರದ ‘ತೂಕ’ವನ್ನು. ‘ಕ’ ಎಂಬಂಥ ಯಾವುದಾದರೊಂದು ಪ್ರಿಫಿಕ್ಸನ್ನು ಆ ಘೋಷಣೆಯಲ್ಲಿರುವ ಯುಆರ್‌ಐಗೆ (ನೇಮ್‌ಸ್ಪೇಸನ್ನು ಗುರುತಿಸುವ ವಿಳಾಸದಂಥ ಹೆಸರಿಗೆ) ಜೋಡಿಸಿದ ಡಿಕ್ಷನರಿಯನ್ನು ಫೈಂಡ್‌ಆಲ್‌ಗೆ ಎರಡನೆಯ ಆರ್ಗ್ಯುಮೆಂಟಾಗಿ ಕೊಟ್ಟು, ‘ಕ:ತೂಕ’ ಎಂದು ಹುಡುಕಿರಿ. ಈ ಪ್ರಿಫಿಕ್ಸ್ ಕಡತದಲ್ಲಿ ಇರಲೇಬೇಕೆಂದಿಲ್ಲ. ಆದರೆ ಯುಆರ್‌ಐ ಮಾತ್ರ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಕೊನೆಯ ಓರೆಗೆರೆಯೊಂದು ತಪ್ಪಿದರೂ ಮತ್ತೆ ಖಾಲಿ ಪಟ್ಟಿಯೇ ಬರುತ್ತದೆ, ದಯವಿಟ್ಟು ಇದನ್ನು ಮೊದಲು ಪರೀಕ್ಷಿಸಿ. ಪ್ರಿಫಿಕ್ಸ್ ಇಲ್ಲದ ಆಟ್ರಿಬ್ಯೂಟುಗಳಿಗೆ (ಟ್ಯಾಗಿನೊಳಗೇ ಬರೆಯುವ ವಿವರಗಳಿಗೆ) ಎಕ್ಸ್‌ಎಂಎಲ್‌ಎನ್‌ಎಸ್ ಘೋಷಣೆ ಅನ್ವಯಿಸುವುದಿಲ್ಲವಾದ್ದರಿಂದ, ‘ದಿನಾಂಕ’ ಎಂಬ ಆಟ್ರಿಬ್ಯೂಟನ್ನು ಈಗಿರುವಂತೆಯೇ ಓದಬಹುದು.